ಬಡಿಯಬಾರದ ಬಾಗಿಲು

ಹೋದ ಶನಿವಾರ ನನ್ನ ಮಗಳು ಮೇಘಾ ಬಂದು ನಮ್ಮನೆ ಬಾಗಿಲಿಗೆ ಕ್ಯಾಮೆರಾ ಇರುವ ಬೆಲ್ಲು ಹಾಕಿಕೊಟ್ಟಳು. ಹಾಕುವ ಮುಂಚೆ ಮರ ಎಲ್ಲಿ ಗಟ್ಟಿಯಿದೆ ನೋಡೋಣ ಅಂತ ಗೆಣ್ಣಿನಿಂದ ಟಕ್ ಟಕ್ ಬಡಿದಳು, ಅಷ್ಟೆ. ನಾನು ಒಳಗೆ ಬಿಸಿಬೇಳೆಬಾತಿನ ಪುಡಿಗೆ ಲವಂಗ ಹುರಿಯುತ್ತಿದ್ದೆ. ಕೈಯಲ್ಲಿದ್ದ ಸೌಟು ಹೋಗಿ ನೆಲಕ್ಕೆ ಬಿತ್ತು. ಮಟಮಟ ಮಧ್ಯಾಹ್ನ, ಬಾಗಿಲು ಹಾರು ಹೊಡೆದಿದೆ, ಬಡಿಯುತ್ತಿರುವವಳು ನಾನೇ ಹೆತ್ತ ಮಗಳು. ಆದರೂ ಎದೆ ಧಸಕ್ ಅಂತು. "ಅಮ್ಮಾ, ಇಟ್ಸ್ ಜಸ್ಟ್ ಮೀ," ಅಂತ ಅವಳು ಅಲ್ಲಿಂದಲೇ ಕೂಗಿದಳು. ಲವಂಗ ಸೀದು ಹೋಯಿತು.

ನಾನು ಹುಟ್ಟಾ ಪುಕ್ಕಲಿ, ಅದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ. ಮಂಡ್ಯದ ನಮ್ಮನೆಯಲ್ಲಿ ಕುಕ್ಕರು ಕೂಗುವ ಹೊತ್ತಿಗೆ ನಾನು ಹಿತ್ತಲಿಗೆ ಓಡುತ್ತಿದ್ದೆ. ಹಲ್ಲಿ, ಗುಡುಗು, ಲಿಫ್ಟು, ಫ್ರೀವೇನಲ್ಲಿ ಪಕ್ಕಕ್ಕೆ ಬರುವ ದೊಡ್ಡ ಟ್ರಕ್ಕು, ಹಿಂದೆ ಬರುವ ಪೊಲೀಸು ಕಾರು, ಎಲ್ಲಕ್ಕೂ ಹೆದರುತ್ತೇನೆ. ನನ್ನ ಗಂಡ ಇದನ್ನು ಮನೆಗೆ ಬಂದವರಿಗೆಲ್ಲ ಕಾಫಿ ಕೊಟ್ಟಷ್ಟೇ ಸಲೀಸಾಗಿ ಹೇಳುತ್ತಾರೆ. ಹೇಳಲಿ. ಆದರೆ ಬಾಗಿಲು ಬಡಿಯುವ ಸದ್ದಿನ ಭಯ ಮಾತ್ರ ನಾನು ಊರಿಂದ ತಂದದ್ದಲ್ಲ. ಅದು ನನಗೆ ಬಂದದ್ದು ಇಲ್ಲಿ ಅಮೆರಿಕದ ಹೇವರ್ಡ್‌ನಲ್ಲಿ, ನಮ್ಮ ಕೆಳಮನೆಯ ವಾರಿಜಕ್ಕನಿಂದ. ಅವರಿಗೆ ಬಂದದ್ದು ಜಂಜಿಬಾರಿನಿಂದ.

ಡಾಟ್ ಕಾಮ್ ಭರಾಟೆಯ ಕಾಲ ಅದು. ನನ್ನ ಗಂಡ ಸ್ಯಾನ್ ಮಟಿಯೋದ ಒಂದು ಸಣ್ಣ ಕಂಪನಿಯಲ್ಲಿದ್ದರು. ಆ ಕಂಪನಿ ಏನು ಮಾರುತ್ತದೆ ಅಂತ ಕೇಳಿದರೆ ದಿನಕ್ಕೊಂದು ಉತ್ತರ ಕೊಡುತ್ತಿದ್ದರು. ನಾನು ವಾಲ್ನಟ್ ಕ್ರೀಕಿನಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದೆ. ಟ್ರೈನಿನಲ್ಲಿ ಹೋಗಿ ಬಂದು ಮಾಡಬೇಕು. ಮೇಘಾಗೆ ಇನ್ನೂ ಎರಡು ತುಂಬಿರಲಿಲ್ಲ. ಡೇಕೇರಿಗೆ ಬಿಟ್ಟರೆ ಗಂಟಲು ಕಟ್ಟುವ ತನಕ ಅಳುತ್ತಿದ್ದಳು. ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕನ್ನಡದವರಿದ್ದಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ ಅಂತ ಯಾರೋ ಹೇಳಿದರು. ಹೋಗಿ ಬಾಗಿಲು ಬಡಿದೆ.

ಒಳಗೆ ಟಿವಿ ಹಾಡುತ್ತಿತ್ತು. ನಾನು ಬಡಿದ ತಕ್ಷಣ ಅದು ನಿಂತಿತು. ಇನ್ನೊಂದು ಸಲ ಬಡಿದೆ. ಕುರ್ಚಿಯೋ ಏನೋ ಭಾರದ್ದನ್ನು ಎಳೆದು ಬಾಗಿಲಿಗೆ ಒತ್ತಿದ ಸದ್ದು ಕೇಳಿಸಿತು. ಆಮೇಲೆ ಉಸಿರೂ ಇಲ್ಲ. ಒಳ್ಳೇ ಕಥೆ ಅಂದುಕೊಂಡು ಹತ್ತಿ ಬಂದುಬಿಟ್ಟೆ. ಮಾರನೇ ದಿನ ಲಾಂಡ್ರಿ ರೂಮಿನಲ್ಲಿ, ಹತ್ತಿ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಡ್ರೈಯರಿಗೆ ಬಟ್ಟೆ ತುಂಬುತ್ತಿದ್ದ ಒಬ್ಬ ದಪ್ಪನೆಯ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದರು.

"ನಿನ್ನೆ ಬಾಗಿಲು ಬಡಿದದ್ದು ನೀವಾ?"

ಹೌದು ಅಂದೆ.

"ಇನ್ನು ಬಡೀಬೇಡಿ ಮಾರಾಯ್ತಿ. ಬಡಿಯುದು ಗೊತ್ತಿಲ್ಲದವರು. ಗೊತ್ತಿರುವವರು ಹೊರಗೆ ನಿಂತು ‘ಹೋಡಿ’ ಅಂತ ಹೇಳ್ಬೇಕು. ಒಳಗಿಂದ ‘ಕರೀಬು’ ಅಂದ್ರೆ ಬರ್ಬೇಕು. ಅನ್ಲಿಲ್ಲ ಅಂದ್ರೆ ಸುಮ್ನೆ ವಾಪಾಸು ಹೋಗ್ಬೇಕು. ಬೇಜಾರು ಮಾಡ್ಲಿಕ್ಕಿಲ್ಲ."

ಮಾತು ಉಡುಪಿ ಕಡೆಯದು. ತುಳು ಇರಬೇಕು ಅಂತ ನಾನು ತಲೆಯಾಡಿಸಿದೆ. ತುಳುವಲ್ಲ, ಜಂಜಿಬಾರಿನ ಸ್ವಾಹಿಲಿ. ಇವರೇ ವಾರಿಜಕ್ಕ. ಇವರ ಅಜ್ಜ ಮಲ್ಪೆಯಿಂದ ಹಾಯಿಹಡಗು ಹತ್ತಿ ಆಫ್ರಿಕಾದ ಆ ಬಂದರಿಗೆ ಹೋದವರು. ಹಡಗಿನ ಹೊಟ್ಟೆಯಲ್ಲಿ ಇದ್ದದ್ದು ಮಂಗಳೂರು ಹಂಚು, ಅದರ ಮೇಲೆ ಅಕ್ಕಿ ಮೂಟೆ, ಅದರ ಮೇಲೆ ಅಜ್ಜ. ಅಲ್ಲೇ ಹಂಚಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಮುಂದೆ ಮಗನೂ ಅದೇ ಅಂಗಡಿ. ವಾರಿಜಕ್ಕ ಹುಟ್ಟಿದ್ದು ಅಲ್ಲೇ, ಮಲ್ಪೆಯನ್ನು ಮೊದಲು ನೋಡಿದ್ದು ದೊಡ್ಡ ಹುಡುಗಿಯಾದ ಮೇಲೆ. ಇಲ್ಲಿ ಅವರ ಯಜಮಾನರು ಹೇವರ್ಡ್‌ನ ಒಂದು ವೇರ್‌ಹೌಸಿನಲ್ಲಿ ಸೂಪರ್‌ವೈಸರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು.

ಮೇಘಾ ಅವರ ಹತ್ತಿರ ಮೊದಲ ದಿನವೇ ಅಳಲಿಲ್ಲ. ಅದೊಂದಕ್ಕೇ ನಾನು ಅವರಿಗೆ ಶರಣಾಗಿಬಿಟ್ಟೆ. ಸಂಜೆ ಸ್ಟೇಷನ್ನಿಂದ ನಡೆದು ಬಂದು, ಅವರ ಬಾಗಿಲ ಮುಂದೆ ನಿಂತು, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಅತ್ತಿತ್ತ ನೋಡಿ, ಮೆಲ್ಲಗೆ ‘ಹೋಡೀ’ ಅನ್ನುತ್ತಿದ್ದೆ. ಒಳಗಿಂದ ನನ್ನ ಮಗಳು ‘ಕಯೀಬೂ’ ಅಂತ ಕಿರುಚುತ್ತಿದ್ದಳು. ಅಮ್ಮ, ಹಾಲು, ಬೇಡ, ಕಯೀಬು. ಅವಳಿಗೆ ಆಗ ಬರುತ್ತಿದ್ದ ಮಾತು ಅಷ್ಟೇ ಅಂತ ಇಟ್ಟುಕೊಳ್ಳಿ. ವಾರಿಜಕ್ಕ ಅವಳನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಇದನ್ನು ಆಟದ ಹಾಗೆ ಕಲಿಸಿದ್ದರು. ಕಪಾಟಿನ ಬಾಗಿಲಿಗೆ ಹೋಡಿ, ಫ್ರಿಜ್ಜಿಗೆ ಹೋಡಿ, ಅನ್ನದ ತಪ್ಪಲೆಗೂ ಹೋಡಿ. ಎಲ್ಲದಕ್ಕೂ ಮೇಘಾಳೇ ಒಳಗಿನವಳಾಗಿ ಕರೀಬು ಅನ್ನಬೇಕು.

ನಾನು ಬಂದ ಮೇಲೆ ಅವರು ಟೀ ಮಾಡುತ್ತಿದ್ದರು. ಏಲಕ್ಕಿಯಲ್ಲ, ಲವಂಗ ಜಜ್ಜಿ ಹಾಕಿದ ಟೀ. ಅದನ್ನು ಕುಡಿಯುತ್ತ ಅವರ ಊರಿನ ಮಾತು ಕೇಳಬೇಕು. ನಾನು ಸ್ಕೂಲಲ್ಲಿ ಹಿಸ್ಟರಿಗೆ ಹೆದರಿ ಸೈನ್ಸು ತಗೊಂಡವಳು, ಆದರೂ ಕೂತು ಕೇಳುತ್ತಿದ್ದೆ. ಚಳಿಗಾಲಕ್ಕೆ ಒಂದು ಗಾಳಿಯಂತೆ, ಅದು ನಮ್ಮ ಕರಾವಳಿಯಿಂದ, ಕಚ್ಛಿನಿಂದ, ಮಸ್ಕತ್ತಿನಿಂದ ಹಡಗುಗಳನ್ನು ಆಫ್ರಿಕಾಕ್ಕೆ ತಳ್ಳಿಕೊಂಡು ಹೋಗುತ್ತಿತ್ತು. ಬೇಸಿಗೆ ಕಳೆಯುವಾಗ ಅದೇ ಗಾಳಿ ತಿರುಗಿ ವಾಪಸು ಕಳಿಸುತ್ತಿತ್ತು. ಗಾಳಿ ತಿರುಗುವ ತನಕ ಊರ ತುಂಬ ನೆಂಟರು. ಅರಬ್ಬರ ಸುಲ್ತಾನನೊಬ್ಬನಿಗೆ ಆ ಊರು ಎಷ್ಟು ಹಿಡಿಸಿತು ಅಂದರೆ ಮಸ್ಕತ್ತು ಬಿಟ್ಟು ಅಲ್ಲೇ ರಾಜಧಾನಿ ಮಾಡಿಕೊಂಡನಂತೆ. ಅವನ ಹಿಂದೆಯೇ ಲವಂಗದ ತೋಟ ಬಂತು. ಲವಂಗದ ಹಿಂದೆ ಜರ್ಮನಿಯವರು, ಇಂಗ್ಲಿಷರು, ಅಮೆರಿಕದವರು.

"ಅಮೆರಿಕದವ್ರಾ?" ಅಂದೆ.

"ಮತ್ತೆ? ನಮ್ಮಲ್ಲಿ ದಪ್ಪ ಹತ್ತಿ ಬಟ್ಟೆಗೆ ಮೆರಿಕಾನಿ ಅಂತ್ಲೇ ಹೇಳುದು. ಇಲ್ಲಿನ ಹಡಗು ತಂದು ಇಳಿಸ್ತಿತ್ತಂತೆ. ಸಣ್ಣವಳಿರುವಾಗ ಅಮೆರಿಕ ಅಂದ್ರೆ ದೇಶ ಅಂತ ನನಗೆ ಗೊತ್ತೇ ಇರ್ಲಿಲ್ಲ, ಬಟ್ಟೆ ಅಂತ ತಿಳ್ಕೊಂಡಿದ್ದೆ. ಬಟ್ಟೆ ಕೊಟ್ಟು ಆನೆದಂತ ತಗೊಂಡು ಹೋಗ್ತಿದ್ರು, ಪಿಯಾನೋದ ಬಿಳಿ ಕೀಗಳಿಗೆ."

ಜಂಜಿಬಾರಿನ ಅವರ ಮನೆಯ ಬಾಗಿಲಿನ ಬಗ್ಗೆ ಹೇಳುವಾಗ ಮಾತ್ರ ವಾರಿಜಕ್ಕನ ದನಿ ಬದಲಾಗುತ್ತಿತ್ತು. ಆಳೆತ್ತರದ ಕೆತ್ತನೆ ಬಾಗಿಲಂತೆ. ಚೌಕಟ್ಟಿನ ಮೇಲೆ ಅರಬ್ಬಿ ಬರಹ, ಕೆಳಗೆ ನಮ್ಮ ಕಡೆಯ ಕಮಲ, ಮೈತುಂಬ ಹಿತ್ತಾಳೆಯ ಚೂಪು ಮೊಳೆ. ಗುಜರಾತಿನ ಬಡಗಿಗಳು ಆನೆ ನುಗ್ಗದಿರಲಿ ಅಂತ ತಮ್ಮ ಊರಿನ ಅಭ್ಯಾಸದಂತೆ ಮೊಳೆ ಹೊಡೆದಿದ್ದರು. ಆ ದ್ವೀಪದಲ್ಲಿ ಆನೆಯೇ ಇರಲಿಲ್ಲ, ಇದ್ದದ್ದು ಬರೀ ದಂತ. ಅದನ್ನು ಹೇಳಿ ಅವರು ನಗುತ್ತಿದ್ದರು. ಆಮೇಲೆ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

"ಅಷ್ಟು ಗಟ್ಟಿ ಬಾಗಿಲು," ಅನ್ನುತ್ತಿದ್ದರು. ಮುಂದೆ ಹೇಳುತ್ತಿರಲಿಲ್ಲ.

ಒಂದು ದಿನ ಮಾತ್ರ ಸ್ವಲ್ಪ ಮುಂದೆ ಹೋದರು. ಅವರಿಗೆ ಇಪ್ಪತ್ತು ತುಂಬುವ ಮುಂಚೆ ಊರಲ್ಲಿ ದಂಗೆಯಾಯಿತು. ಕೋವಿ ಹಿಡಿದ ಅಲ್ಲಿನ ಆಫ್ರಿಕಾದವರು ಅರಬ್ಬರ ಮನೆಗಳನ್ನೂ ನಮ್ಮವರ ಮನೆಗಳನ್ನೂ ಬಡಿಯುತ್ತ ಬಂದರು. "ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ಆ ಊರಲ್ಲಿ ದಂತ, ಲವಂಗ ಮಾತ್ರ ಮಾರಿದ್ದಾ? ಜನರನ್ನೂ ಮಾರಿದ್ದಾರೆ. ಅವರ ಅಜ್ಜಂದಿರನ್ನು. ನಮ್ಮ ಅಜ್ಜ ಹಂಚು ಇಳಿಸಿದ ಬಂದರಲ್ಲೇ ಮುಂಚೆ ಅವರನ್ನು ಇಳಿಸ್ತಿದ್ದದ್ದು." ಇಷ್ಟು ಹೇಳಿ ಎದ್ದು ಹೋಗಿ ಚಿಲಕ ಹಾಕಿದೆಯಾ ನೋಡಿ ಬಂದರು. ನಿಮ್ಮ ಮನೆಗೂ ಬಂದರಾ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಮೇಲೆ ನಮ್ಮನೆಗೆ ಹೋಗಿ ನಾನೂ ಚಿಲಕ ನೋಡಿದೆ.

ಆ ವರ್ಷ ಎಲ್ಲರೂ ಹೆದರಿಕೊಂಡೇ ಇದ್ದರು ಅನ್ನಿ. ಹಿಂದಿನ ವರ್ಷ ಶೇರು, ಆಪ್ಶನ್ನು, ಮನೆ ಅಂತ ಹಾರಾಡುತ್ತಿದ್ದ ನಮ್ಮ ಕನ್ನಡದವರು ಯುಗಾದಿಯ ಪಾಟ್‌ಲಕ್ಕಿನಲ್ಲಿ ದನಿ ತಗ್ಗಿಸಿ ಮಾತಾಡತೊಡಗಿದರು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟು ಕಟ್ಟಬೇಕು. ನನ್ನ ಗಂಡನ ಆಫೀಸಿನಲ್ಲಿ ಪುಕ್ಕಟೆ ಊಟ ನಿಂತು, ಆಮೇಲೆ ಕಾಫಿ ನಿಂತು, ಆಮೇಲೆ ಕುರ್ಚಿಗಳೇ ಖಾಲಿಯಾಗತೊಡಗಿದವು. ಮನೆಯಲ್ಲಿ ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಮಗು ಮಲಗಿದೆಯಲ್ಲ ಅಂತ ನೆಪ ಹೇಳಿ ಸುಮ್ಮನಿರುತ್ತಿದ್ದೆವು.

ಒಂದು ದಿನ ನಮ್ಮ ಆಫೀಸಿನಲ್ಲೂ ಮೀಟಿಂಗು ಕರೆದರು. ನನ್ನ ಪಕ್ಕದ ಡೆಸ್ಕಿನವಳು ಡಬ್ಬಕ್ಕೆ ಸಾಮಾನು ತುಂಬಿಕೊಂಡು ಹೋದಳು. ಉಳಿದವರಿಗೆ ಇವತ್ತು ಮನೆಗೆ ಹೋಗಿ ಅಂದರು. ಮಧ್ಯಾಹ್ನದ ಟ್ರೈನು ಹಿಡಿದೆ. ದಾರಿಯಲ್ಲಿ ಸ್ಟೇಷನ್ನಿನ ಫೋನಿಂದ ವಾರಿಜಕ್ಕನಿಗೆ ಬೇಗ ಬರುತ್ತೇನೆ ಅಂತ ಹೇಳೋಣ ಅಂತ ನೋಡಿದರೆ, ಫೋನು ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಮಗು ಮಲಗಿಸುತ್ತಿರಬೇಕು ಅಂದುಕೊಂಡೆ.

ನಮ್ಮ ಬೀದಿಯ ತಿರುವಿಗೆ ಬಂದಾಗ ಮೊದಲು ಬಡಿದದ್ದು ವಾಸನೆ. ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ಕಂಡದ್ದು ಫೈರ್ ಎಂಜಿನ್ನುಗಳು, ಅಡ್ಡ ಕಟ್ಟಿದ ಹಳದಿ ಪಟ್ಟಿ. ರಸ್ತೆ ಅಗೆಯುವಾಗ ಗ್ಯಾಸಿನ ಪೈಪು ಒಡೆದಿತ್ತಂತೆ. ನಮ್ಮ ಕಾಂಪ್ಲೆಕ್ಸಿನ ಜನವೆಲ್ಲ ಎದುರಿನ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದರು. ಒಬ್ಬ ಟವೆಲ್ಲಿನಲ್ಲೇ ಬಂದಿದ್ದ, ಒಬ್ಬಾಕೆ ಬೆಕ್ಕನ್ನು ಡಬ್ಬದಲ್ಲಿ ಹಿಡಿದಿದ್ದಳು. ನಾನು ಗುಂಪಿನಲ್ಲಿ ಒಂದು ಹತ್ತಿ ಸೀರೆ ಹುಡುಕಿದೆ. ಇರಲಿಲ್ಲ. ಮತ್ತೆ ಹುಡುಕಿದೆ.

ಫೈರಿನವನೊಬ್ಬನ ತೋಳು ಹಿಡಿದು ವಾರಿಜಕ್ಕನ ಮನೆ ನಂಬರು ಹೇಳಿದೆ. ಎಲ್ಲ ಬಾಗಿಲೂ ಬಡಿದಿದ್ದೇವೆ ಮ್ಯಾಮ್, ಅದರಲ್ಲಿ ಯಾರೂ ಇಲ್ಲ, ಎಷ್ಟು ಕೂಗಿದರೂ ಉತ್ತರ ಬರಲಿಲ್ಲ ಅಂದ. ಆಗ ನನಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಬೂಟುಗಾಲು, ಗಂಡಸರ ಕೂಗು, ಬಾಗಿಲಿನ ಮೇಲೆ ಮುಷ್ಟಿ. ಅವರು ಎಷ್ಟು ಜೋರಾಗಿ ಬಡಿದಿದ್ದರೋ ವಾರಿಜಕ್ಕ ಅಷ್ಟು ಒಳಗೆ ಹೋಗಿರುತ್ತಾರೆ. ನನ್ನ ಮಗುವನ್ನು ಎತ್ತಿಕೊಂಡು.

ಅವರು ಒಳಗೇ ಇದ್ದಾರೆ, ಬಡಿದರೆ ತೆಗೆಯುವುದಿಲ್ಲ, ಮಗು ಇದೆ ಅಂತ ನಾನು ಇಂಗ್ಲಿಷಿನಲ್ಲಿ ಹೇಳಿದೆನೋ ಕನ್ನಡದಲ್ಲಿ ಹೇಳಿದೆನೋ ದೇವರಿಗೇ ಗೊತ್ತು. ಅವನು ನನ್ನ ಮುಖ ನೋಡಿ ಇನ್ನಿಬ್ಬರನ್ನು ಕರೆದ. ಕಾಂಪ್ಲೆಕ್ಸಿನ ಮ್ಯಾನೇಜರನ ಬೀಗದ ಕೈ ಹಾಕಿದರೆ ಬಾಗಿಲು ಬೆರಳಷ್ಟು ತೆರೆದು ನಿಂತಿತು. ಒಳಗಿನ ಸರಪಳಿ ಹಾಕಿತ್ತು, ಕುರ್ಚಿ ಒತ್ತಿತ್ತು. ಸರಪಳಿ ಕತ್ತರಿಸಿದರು. ಬೇಡ ಬೇಡ ಅಂದರೂ ನಾನು ಹಿಂದೆಯೇ ನುಗ್ಗಿದೆ. ಹಾಲ್, ರೂಮು, ಬಾತ್ರೂಮು, ಮಂಚದ ಕೆಳಗೆ, ಎಲ್ಲೂ ಇಲ್ಲ. ಒಲೆಯ ಮೇಲೆ ಟೀ ಪಾತ್ರೆ ಹಾಗೇ ಇತ್ತು, ಉರಿ ಆರಿಸಿತ್ತು. ಅದಕ್ಕೆ ಜಜ್ಜಿದ ಲವಂಗ ಕಟ್ಟೆಯ ಮೇಲೆ. "ನೀವು ಕರೆಯಿರಿ," ಅಂದ ಆ ಫೈರಿನವನು, "ನಿಮ್ಮ ದನಿ ಗೊತ್ತಿರುತ್ತದಲ್ಲ."

"ಹೋಡೀ," ಅಂದೆ.

ಏನೂ ಇಲ್ಲ.

ಇನ್ನೊಮ್ಮೆ ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ಉತ್ತರ ಬರದಿದ್ದರೆ ವಾಪಸು ಹೋಗಬೇಕು ಅಂತ ಅವರು ಹೇಳಿಕೊಟ್ಟ ಮಾತು ತಲೆಗೆ ಬಂತು. ಎಲ್ಲಿಗೆ ಹೋಗಲಿ. "ಹೋಡೀ, ವಾರಿಜಕ್ಕಾ, ನಾನು," ಅಂತ ಅತ್ತೆ.

ಆಗ ರೂಮಿನ ಗೋಡೆಯೊಳಗಿಂದ ಬಂದ ಹಾಗೆ, ಸಣ್ಣದಾಗಿ, ಕೋಪದಿಂದ, "ಕಯೀಬೂ!" ಅಂತ ಕೇಳಿಸಿತು.

ಕ್ಲಾಸೆಟ್ಟಿನಲ್ಲಿ ನೇತುಹಾಕಿದ ಸೀರೆಗಳ ಹಿಂದೆ ಅಕ್ಕಿ ಮೂಟೆ, ಮೂಟೆಯ ಮೇಲೆ ಸೂಟ್‌ಕೇಸು, ಅದರ ಹಿಂದೆ ಅವರು. ಮೊಣಕಾಲು ಮಡಚಿ ಕೂತಿದ್ದರು, ಮಗು ಮಡಿಲಲ್ಲಿ. ಅವರು ನನ್ನನ್ನು ನೋಡಲಿಲ್ಲ, ಫೈರಿನವನ ಬೂಟು ನೋಡಿದರು. ಮಗುವನ್ನು ಬೆನ್ನ ಹಿಂದಕ್ಕೆ ತಳ್ಳಿ, ನನಗೆ ಬಾರದ ಆ ಭಾಷೆಯಲ್ಲಿ ಏನೋ ಬೇಡಿಕೊಂಡರು. ಅಷ್ಟು ದೊಡ್ಡ ಆಳು, ಪುಣ್ಯಾತ್ಮ, ಹೆಲ್ಮೆಟ್ಟು ತೆಗೆದು ನೆಲಕ್ಕೆ ಮಂಡಿಯೂರಿದ.

"ವಾರಿಜಕ್ಕ, ಗ್ಯಾಸು ಕಣ್ರೀ. ಹೊರಗೆ ಬನ್ನಿ."

"ನಿನ್ನ ಹಿಂದೆ ಯಾರುಂಟು?" ಅಂದರು.

"ಫೈರ್‌ನವರು. ನಮ್ಮನ್ನ ಕರ್ಕೊಂಡು ಹೋಗಕ್ಕೆ ಬಂದಿದ್ದಾರೆ."

ನನಗೆ ಬಂದ ಬುದ್ಧಿ ನೋಡಿ, ಕರ್ಕೊಂಡು ಹೋಗಕ್ಕೆ ಅಂತಲೇ ಅನ್ನಬೇಕೆ. ಅವರು ಇನ್ನಷ್ಟು ಹಿಂದಕ್ಕೆ ಗೋಡೆಗೆ ಒತ್ತಿಕೊಂಡರು. ಕೊನೆಗೆ ಫೈರಿನವರು ಅವರನ್ನು ಎತ್ತಿಕೊಂಡೇ ಬರಬೇಕಾಯಿತು.

ಪಾರ್ಕಿಂಗ್ ಲಾಟಿನ ಕಟ್ಟೆಯ ಮೇಲೆ, ಯಾರೋ ಹೊದಿಸಿದ ಕಂಬಳಿಯೊಳಗೆ ಕೂತು ಅವರು ಉಳಿದದ್ದನ್ನು ಹೇಳಿದರು. ಅವತ್ತು ಜಂಜಿಬಾರಿನಲ್ಲೂ ಮೊದಲು ಬಡಿದರಂತೆ. ಆ ಮೊಳೆ ಬಾಗಿಲು ಜಗ್ಗಲಿಲ್ಲ. ಇವರೆಲ್ಲ ಮಹಡಿ ಮೆಟ್ಟಿಲ ಕೆಳಗೆ ಅಡಗಿದ್ದರು: ಅಪ್ಪ, ಅಮ್ಮ, ಇವರು, ಇವರ ಮಡಿಲಲ್ಲಿ ಮೂರು ವರ್ಷದ ತಮ್ಮ. ಸದ್ದು ನಿಂತಿತು. ಹೋದರು ಅಂದುಕೊಂಡರು. ಆಮೇಲೆ ಹೊರಗಿಂದ ಒಂದು ಗೊತ್ತಿರುವ ದನಿ ‘ಹೋಡಿ’ ಅಂತು.

"ಕಾಫಿ ಅಜ್ಜ. ದಿನಾ ಬೆಳಿಗ್ಗೆ ಹಿತ್ತಾಳೆ ಗಿಂಡಿ ಹಿಡ್ಕೊಂಡು ಕಾಫಿ ಮಾರ್ಲಿಕ್ಕೆ ಬರುವವ. ತಮ್ಮನಿಗೆ ಖರ್ಜೂರ ಕೊಡ್ತಿದ್ದ. ಅವನ ಬೆನ್ನಿಗೆ ಕೋವಿ ಇಟ್ಟು ಹೇಳ್ಸಿದ್ದು, ಪಾಪ, ಅವ ಎಂತ ಮಾಡ್ತಾನೆ. ತಮ್ಮನ ಬಾಯಿ ಮೇಲೆ ಇದ್ದದ್ದು ನನ್ನ ಕೈ. ಕಾಫಿ ಅಜ್ಜ ಅಲ್ವಾ ಅಂತ ಸಡಿಲ ಬಿಟ್ಟೆ. ತಮ್ಮ ಕರೀಬು ಅಂದ."

ಒಳಗೆ ಜನ ಇದ್ದಾರೆ ಅಂತ ಹೊರಗಿನವರಿಗೆ ಗೊತ್ತಾಯಿತು. ಇನ್ನು ಅವರು ಹೋಗುವುದಿಲ್ಲ, ಒಳಗೆ ಬಂದರೆ ಎಲ್ಲರನ್ನೂ ಹುಡುಕುತ್ತಾರೆ ಅಂತ ಅಪ್ಪ ಒಬ್ಬರೇ ಎದ್ದು ಹೋಗಿ ಬಾಗಿಲು ತೆಗೆದು, ಹೊರಗೆ ನಿಂತು, ಹಿಂದಿನಿಂದ ಬಾಗಿಲು ಎಳೆದುಕೊಂಡರು. ಅವರು ವಾಪಸು ಬರಲಿಲ್ಲ. ಉಳಿದವರು ಹಡಗು ಹತ್ತಿ ಮಲ್ಪೆಗೆ ಬಂದರು.

"ತಮ್ಮ ಈಗ ಇಂಗ್ಲಿಷರ ಊರಲ್ಲಿ, ಲೆಸ್ಟರಲ್ಲಿ ಇದ್ದಾನೆ. ಅವನಿಗೆ ಒಂದೂ ನೆನಪಿಲ್ಲ. ಅಪ್ಪ ಜ್ವರ ಬಂದು ತೀರಿಹೋದದ್ದು ಅಂತ ಹೇಳಿದ್ದು ನಾವು. ಅವನಿಗೆ ಗೊತ್ತಾಗ್ಬಾರ್ದು ಮಾರಾಯ್ತಿ." ಆಮೇಲೆ ಕಂಬಳಿಯಿಂದ ಬಲಗೈ ಹೊರಗೆ ತೆಗೆದು ತೋರಿಸಿದರು. ಅಂಗೈಯ ಬುಡದಲ್ಲಿ ಅರ್ಧಚಂದ್ರವಾಗಿ ಪುಟ್ಟ ಪುಟ್ಟ ಹಲ್ಲಿನ ಗುರುತು, ಒಂದೆರಡರಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ಈ ಸಲ ನಾನು ಗಟ್ಟಿ ಹಿಡಿದಿದ್ದೆ. ಇವಳು ಕಚ್ಚಿ ಹೇಳಿದ್ಲು."

ಮೇಘಾ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ನಾನು ಆ ಕೈಯನ್ನು ಹಿಡಿದುಕೊಂಡು ಕೂತೆ. ಗ್ಯಾಸು ನಿಂತು ನಮ್ಮನ್ನು ಒಳಗೆ ಬಿಡುವ ತನಕ ಇಬ್ಬರೂ ಹಾಗೇ ಇದ್ದೆವು.

ಆಮೇಲೆ ನನ್ನ ಕೆಲಸ ಉಳಿಯಿತು, ಗಂಡನದು ಹೋಗಿ ಬೇರೆ ಸಿಕ್ಕಿತು. ಹೆದರಿದ್ದರಲ್ಲಿ ಅರ್ಧ ಆಗಲೇ ಇಲ್ಲ ನೋಡಿ. ವಾರಿಜಕ್ಕ ಕೆಲವು ವರ್ಷಗಳ ಮೇಲೆ ಗಂಡ ತೀರಿಕೊಂಡಾಗ ತಮ್ಮನ ಹತ್ತಿರ ಹೋದರು. ಮುಂದೆ ಅವರೂ ತೀರಿಹೋದ ಸುದ್ದಿಯನ್ನು ಫೋನು ಮಾಡಿ ಹೇಳಿದ್ದು ಆ ತಮ್ಮನೇ. ಒಳ್ಳೆಯ ಮೃದು ದನಿ. "ಅಕ್ಕ ನಮ್ಮನೆಯಲ್ಲೇ ಇದ್ರೂ ವಾಕಿಂಗ್ ಮುಗಿಸಿ ಬಂದು ಹೊರಗೆ ನಿಂತು ಹೋಡಿ ಅಂತಿದ್ಲು. ನಾನು ಕರೀಬು ಅನ್ನುವ ತನಕ ಒಳಗೆ ಬರ್ತಿರ್ಲಿಲ್ಲ. ನಾನು ಹಾಗೆ ಅಂದ್ರೆ ಸಾಕು, ಅಳ್ತಿದ್ಲು. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ಮೇಘಾಗೂ ನಾನು ಇದನ್ನು ಹೇಳಿರಲಿಲ್ಲ. ಮಕ್ಕಳಿಗೆ ಗೊತ್ತಾಗಬಾರದು ಅಂತ ವಾರಿಜಕ್ಕ ಹಾಕಿದ ಗೆರೆ ನನ್ನ ಮನೆಯಲ್ಲೂ ನಡೆದುಕೊಂಡು ಬಂದಿತ್ತು. ಶನಿವಾರ, ಸೀದ ಲವಂಗದ ವಾಸನೆ ಹೋಗಲಿ ಅಂತ ಕಿಟಕಿ ತೆಗೆದು ಕೂತಾಗ, ಅವಳು "ವೈ ಆರ್ ಯು ಸೋ ಸ್ಕೇರ್ಡ್?" ಅಂತ ಕೇಳಿದಳು. ಸುಮ್ಮನೆ ಕೇಳಿದ್ದಲ್ಲ, ಸ್ಕ್ರೂಡ್ರೈವರು ಕೆಳಗಿಟ್ಟು ಕೇಳಿದಳು. ಹೇಳಿದೆ. ಎಲ್ಲ ಹೇಳಿದೆ. ಆಮೇಲೆ, "ಡಿಡ್ ಐ ಹರ್ಟ್ ಹರ್?" ಅಂದಳು.

"ಸ್ವಲ್ಪ ನೋವಾಯ್ತು," ಅಂದೆ. "ಕಚ್ಚಿದ್ದು ಒಳ್ಳೇದೇ ಆಯ್ತು." ಅಂದ ಮೇಲೆ ಲೆಸ್ಟರಿನ ಆ ಮೃದು ದನಿ ನೆನಪಾಯಿತು. ಅವರಿಗೆ ಇಂಥದೊಂದು ಸಮಾಧಾನದ ಮಾತು ಹೇಳುವವರು ಯಾರೂ ಇಲ್ಲ.

ಬೆಲ್ಲು ಕೆಲಸ ಮಾಡುತ್ತದಾ ನೋಡಬೇಕು ಅಂತ ಅವಳು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಅವಳು ಹೇಳಿಕೊಟ್ಟ ಹಾಗೆ ಫೋನು ಹಿಡಿದು ಕಾದೆ. ಅವಳು ಬೆಲ್ಲು ಒತ್ತಲಿಲ್ಲ, ಬಡಿಯಲೂ ಇಲ್ಲ. ಬಾಗಿಲ ಆಚೆ ನಿಂತು, "ಹೋಡೀ," ಅಂದಳು. ಆ ದನಿ ನನಗೆ ಗೊತ್ತು. ಆದರೂ ಫೋನಿನ ಪರದೆಯಲ್ಲಿ ಮಗಳ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವಳ ಬೆನ್ನ ಹಿಂದೆ. ಬೀದಿ ಖಾಲಿಯಿತ್ತು, ಎದುರು ಮನೆಯವರ ಕಸದ ಡಬ್ಬ ಬಿಟ್ಟು ಯಾರೂ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಆಮೇಲೆ "ಕರೀಬು" ಅಂದೆ.